ಗಾಳಿ ನಿಂತ ಮೇಲಿನ ಸಾವುಗಳು

ಒಂದೇ ಅಂಕಿಯನ್ನು ಎರಡು ಕಡೆ ನೋಡಿದಾಗಿನಿಂದ ಅದು ತಲೆಯಿಂದ ಹೋಗುತ್ತಿಲ್ಲ. 2017ರ ಸೆಪ್ಟೆಂಬರ್ 20ರಂದು ಮರಿಯಾ ಎಂಬ ಚಂಡಮಾರುತ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪಕ್ಕೆ ಬಡಿಯಿತು. ಆ ವರ್ಷದ ಕೊನೆಗೆ ಅಲ್ಲಿನ ಸರ್ಕಾರ ಕೊಟ್ಟ ಸಾವಿನ ಲೆಕ್ಕ 64. 2019ರ ಮೇ 3ರಂದು ಫನಿ ಚಂಡಮಾರುತ ಒಡಿಶಾದ ಪುರಿಗೆ ಬಡಿಯಿತು. ಒಡಿಶಾ ಸರ್ಕಾರದ ಕೊನೆಯ ಲೆಕ್ಕವೂ 64. ಇದು ಬರೀ ಕಾಕತಾಳೀಯ, ಗೊತ್ತು. ಆದರೆ ಪೋರ್ಟೊ ರಿಕೊದ 64ನ್ನು ಆಮೇಲೆ ಕೂತು ಮತ್ತೆ ಲೆಕ್ಕ ಹಾಕಿದರು. ಅದು 2,975 ಆಯಿತು. ಒಡಿಶಾದ 64 ಹಾಗೇ ಉಳಿದಿದೆ. ಇಲ್ಲೂ ಲೆಕ್ಕ ಹಾಕಿದರೆ ಅಷ್ಟೇ ಜಾಸ್ತಿ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಪೋರ್ಟೊ ರಿಕೊದ ಕೊನೆಯ ಮನೆಗಳಿಗೆ ಕರೆಂಟ್ ಬರಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು, ಒಡಿಶಾದಲ್ಲಿ ಆ ಗತಿ ಬರಲಿಲ್ಲ. ಆದರೆ ಫನಿ ಬಂದಾಗ ನಾನು ಭುವನೇಶ್ವರದಲ್ಲಿ ಕೆಲಸದಲ್ಲಿದ್ದೆ. ಆ 64ರಲ್ಲಿ ಸೇರದ ಒಬ್ಬರ ಸಾವನ್ನು ಹತ್ತಿರದಿಂದ ನೋಡಿದ್ದೇನೆ. ಅಂದಿನಿಂದ ಚಂಡಮಾರುತದ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಕರೆಂಟ್ ಹೋಗಿ ಎಷ್ಟು ದಿನ ಆಯಿತು ಅನ್ನುವ ಸಾಲನ್ನು. ಟಿವಿಯಲ್ಲಿ ಆ ಸಾಲು ಸಿಗುವುದೇ ಕಷ್ಟ. ಅಷ್ಟು ಹೊತ್ತಿಗೆ ಕ್ಯಾಮೆರಾಗಳು ಊರಿಗೆ ವಾಪಸ್ ಹೋಗಿರುತ್ತವೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಬರೀ ದೂರು ಅನ್ನಿಸಬಹುದು. ಒಡಿಶಾ ಮಾಡಿದ ಕೆಲಸ ಸಣ್ಣದಲ್ಲ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ಅಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಭಾಗದಲ್ಲಿ ಸಮುದ್ರದ ನೀರು ಹಳ್ಳಿಗಳ ಮೇಲೇ ಹರಿದು ಹೋಯಿತು. ಆ ಡಿಸೆಂಬರ್‌ನಲ್ಲೇ ರಾಜ್ಯ ತನ್ನದೇ ವಿಪತ್ತು ಪ್ರಾಧಿಕಾರ ಕಟ್ಟಿತು. ಆಗ ಕರಾವಳಿಯಲ್ಲಿ ಬೆರಳೆಣಿಕೆಯಷ್ಟಿದ್ದ ಆಶ್ರಯ ಕೇಂದ್ರಗಳು ಈಗ ಎಂಟುನೂರು ದಾಟಿವೆ, ಹೆಚ್ಚಿನವು ಕಂಬದ ಮೇಲೆ ನಿಂತ ಗಟ್ಟಿ ಕಟ್ಟಡಗಳು, ಉಳಿದ ದಿನಗಳಲ್ಲಿ ಶಾಲೆಗೋ ಮದುವೆಗೋ ಬಳಕೆಯಾಗುವಂಥವು. 2013ರಲ್ಲಿ ಫೈಲಿನ್ ಗೋಪಾಲಪುರಕ್ಕೆ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಎಬ್ಬಿಸಿ ಕರೆದೊಯ್ದಿದ್ದರು. ಫನಿಗೆ ಹನ್ನೆರಡು ಲಕ್ಷ. ಫನಿಯ ಹಿಂದಿನ ದಿನ ನಮ್ಮ ಬೀದಿಯಲ್ಲೂ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಕೂಗುತ್ತಾ ಹೋದರು, ಮೊಬೈಲ್‌ಗೆ ಮೆಸೇಜ್ ಮೇಲೆ ಮೆಸೇಜ್ ಬಂತು. ಗಾಳಿಯ ದಿನ ಜನರನ್ನು ಬದುಕಿಸುವುದು ಹೇಗೆ ಅನ್ನುವುದನ್ನು ಆ ರಾಜ್ಯ ಕಲಿತಿದೆ. ನಾನು ಹೇಳಹೊರಟಿರುವುದು ಅದರ ಮರುದಿನದ ಬಗ್ಗೆ, ಅದರ ಮರುವಾರದ ಬಗ್ಗೆ.

ಕರೆಂಟ್ ಇಲ್ಲದ ಬೀದಿ

ಅವತ್ತು ಶುಕ್ರವಾರ. ಬೆಳಿಗ್ಗೆ ಪುರಿಯಲ್ಲಿ ದಡ ಮುಟ್ಟಿದ ಗಾಳಿ ಭುವನೇಶ್ವರಕ್ಕೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಿಟಕಿಗೆ ಮಂಚ ಒತ್ತಿ ನಿಲ್ಲಿಸಿ ನಾವೆಲ್ಲ ಓನರ್ ಮನೆಯ ನಡುಕೋಣೆಯಲ್ಲಿ ಕೂತಿದ್ದೆವು. ಓನರ್ ಅಂದರೆ ಅರವತ್ತು ದಾಟಿದ ಒಬ್ಬ ಹೆಂಗಸು, ನಾನು ಮಾಉಸಿ ಅಂತಲೇ ಕರೆಯುತ್ತಿದ್ದದ್ದು, ನಮ್ಮ ಚಿಕ್ಕಮ್ಮನ ಹಾಗೆ. ಮಗ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕೆಲಸದಲ್ಲಿದ್ದ. ನಾನು ಕರ್ನಾಟಕದವನು ಅಂತ ಗೊತ್ತಾದ ಮೇಲೆ ಬಾಡಿಗೆ ಮಾತು ಅರ್ಧ ಗಂಟೆಯಲ್ಲಿ ಮುಗಿದಿತ್ತು. ಮಧ್ಯಾಹ್ನದ ಹೊತ್ತಿಗೆ ಗಾಳಿ ಇಳಿಯಿತು. ಹೊರಗೆ ಬಂದರೆ ಬೀದಿಯ ಗುರುತೇ ಸಿಗಲಿಲ್ಲ. ಮರಗಳು, ಕಂಬಗಳು, ತಂತಿಗಳು ಒಂದರ ಮೇಲೊಂದು ಬಿದ್ದಿದ್ದವು. ಆದರೂ ಎಲ್ಲರೂ ಬದುಕಿದ್ದೆವು. ಎದುರುಮನೆಯವರು ಗೇಟಿಗೆ ಬಂದು ಕೈ ಎತ್ತಿದರು, ನಾವೂ ಎತ್ತಿದೆವು. ಕಷ್ಟ ಮುಗಿಯಿತು ಅಂತಲೇ ಅಂದುಕೊಂಡೆವು.

ಆಮೇಲೆ ಬಿಸಿಲು ಬಂತು. ಮೇ ತಿಂಗಳ ಭುವನೇಶ್ವರದ ಬಿಸಿಲು ಕಂಡವರಿಗೆ ಗೊತ್ತು, ನೆರಳು ಕೊಡುತ್ತಿದ್ದ ಮರಗಳೆಲ್ಲ ಬಿದ್ದ ಮೇಲೆ ಅದು ಇನ್ನೂ ಜಾಸ್ತಿ. ಕರೆಂಟ್ ಇಲ್ಲ ಅಂದರೆ ಫ್ಯಾನ್ ಇಲ್ಲ ಅಂತ ಮಾತ್ರ ನಾವು ಮೊದಲು ಯೋಚಿಸುತ್ತೇವೆ, ಅಲ್ವಾ? ಸಂಜೆಯೊಳಗೆ ಟ್ಯಾಂಕ್ ಖಾಲಿ. ಬೋರ್‌ವೆಲ್ ಇದೆ, ಮೋಟರ್ ಇದೆ, ನೀರು ಮೇಲೆ ಬರಲ್ಲ. ಕಕ್ಕಸಿಗೆ ನೀರಿಲ್ಲ. ಫೋನ್ ಸತ್ತಿದೆ, ಎಟಿಎಂ ಸತ್ತಿದೆ, ಆದ್ದರಿಂದ ಕೈಯಲ್ಲಿ ನೋಟು ಇಲ್ಲದವನಿಗೆ ಮೆಡಿಕಲ್ ಶಾಪ್‌ನಲ್ಲಿ ಮಾತ್ರೆಯೂ ಇಲ್ಲ. ಕಾರ್ಡ್ ಮಷೀನ್ ನಡೆಯುವುದಿಲ್ಲವಲ್ಲ. ಕೆಲವರು ತಳ್ಳುಗಾಡಿಯ ಮೇಲೆ ಜನರೇಟರ್ ಇಟ್ಟುಕೊಂಡು ಮನೆಮನೆಗೆ ಬರತೊಡಗಿದರು. ವೈರು ಕೊಟ್ಟು, ಮೋಟರ್ ಓಡಿಸಿ, ಟ್ಯಾಂಕ್ ತುಂಬಿಸಿ, ಗಂಟೆ ಲೆಕ್ಕದಲ್ಲಿ ದುಡ್ಡು. ಬೀದಿಯ ಕೊನೆಯಲ್ಲಿದ್ದ ಗುಡಿಸಲುಗಳವರಿಗೆ ಅದೂ ಇಲ್ಲ. ಅವರು ಒಂದೇ ಹ್ಯಾಂಡ್‌ಪಂಪ್‌ಗೆ ಕೊಡ ಸಾಲು ಹಚ್ಚಿ ರಾತ್ರಿಯೆಲ್ಲ ಎದ್ದಿರುತ್ತಿದ್ದರು.

ಮಾಉಸಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಬೇಕು. ಫ್ರಿಜ್ ಒಳಗೆ ಇನ್ನೂ ಒಡೆಯದ ಬಾಟಲಿಗಳಿದ್ದವು, ಫ್ರಿಜ್ ಬೆಚ್ಚಗಾಗುತ್ತಿತ್ತು. ಮೀನಿಗೆ ಹಾಕುವ ಐಸ್ ಮಾರುವವನು ಒಬ್ಬ ಬಂದಾಗ ಪಕ್ಕದ ಮನೆಯವರು ಬಾಟಲಿಯನ್ನು ನೇರವಾಗಿ ಐಸ್ ಒಳಗೇ ಹೂತುಬಿಟ್ಟರು. ಇದು ತುಂಬ ಜನ ಮಾಡುವ ಕೆಲಸ. ಆದರೆ ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿದ ಮೇಲೆ ನೋಡಲು ಮೊದಲಿನ ಹಾಗೇ ಕಾಣಬಹುದು, ಮೈಯಲ್ಲಿ ಕೆಲಸ ಮಾಡುವ ಭರವಸೆ ಇಲ್ಲ. ಮಾಉಸಿ ಹಾಗೆ ಮಾಡಲಿಲ್ಲ. ಒಂದು ದೊಡ್ಡ ಮಡಕೆ ತಂದರು, ತಳಕ್ಕೆ ಮರಳು ಹಾಕಿದರು, ಅದರೊಳಗೆ ಒಂದು ಚಿಕ್ಕ ಮಡಕೆ ಇಟ್ಟರು, ಎರಡರ ನಡುವೆಯೂ ಮರಳು ತುಂಬಿದರು. ಮರಳಿಗೆ ಆಗಾಗ ನೀರು ಚಿಮುಕಿಸುವುದು, ಬಾಯಿಗೆ ಒದ್ದೆ ಬಟ್ಟೆ. ಬಾಟಲಿಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಳಗಿಟ್ಟರು. ಕೈ ಹಾಕಿದರೆ ಒಳಗೆ ತಂಪು ನಿಜವಾಗಿಯೂ ತಿಳಿಯುತ್ತಿತ್ತು. ಯಾರು ಹೇಳಿಕೊಟ್ಟರು ಅಂತ ಕೇಳಿದೆ. 1999ರಲ್ಲಿ ಕರೆಂಟ್ ಹೋದಾಗ ಅತ್ತೆ ಹಾಲು ಹೀಗೆ ಇಡುತ್ತಿದ್ದರು ಅಂದರು. ಸರ್ಕಾರದ ಅಷ್ಟೊಂದು ಮೆಸೇಜ್‌ಗಳಲ್ಲಿ ಮಡಕೆಯ ಮಾತು ನನ್ನ ಫೋನಿಗೆ ಬಂದಿರಲಿಲ್ಲ. ಟಾರ್ಚ್, ಮೊಂಬತ್ತಿ, ಒಣ ಆಹಾರ ಇಟ್ಟುಕೊಳ್ಳಿ ಅಂತ ಇತ್ತು. ಹಂಚುತ್ತಿದ್ದ ಒಣ ಆಹಾರ ಅವಲಕ್ಕಿ ಮತ್ತು ಬೆಲ್ಲ. ಹಸಿದ ಹೊಟ್ಟೆಗೆ ಅದಕ್ಕಿಂತ ಒಳ್ಳೆಯದು ಇಲ್ಲ, ಒಪ್ಪುತ್ತೇನೆ. ಮಾಉಸಿ ಬೆಲ್ಲವನ್ನು ಪಕ್ಕಕ್ಕಿಟ್ಟು ಬರೀ ಅವಲಕ್ಕಿ ತಿಂದರು. ಆಶ್ರಯ ಕೇಂದ್ರದಲ್ಲಿ ಕೂತ, ತನಗೆ ಸಕ್ಕರೆ ಕಾಯಿಲೆ ಇದೆ ಅಂತಲೇ ಗೊತ್ತಿಲ್ಲದ ಎಷ್ಟು ಜನ ಬೆಲ್ಲವನ್ನೇ ತಿಂದಿರಬಹುದು?

ಎದುರುಮನೆಯ ಮೇಷ್ಟ್ರು

ಗೇಟಿಗೆ ಬಂದು ಕೈ ಎತ್ತಿದವರು ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು. ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರ ಸರದಿ ಇದ್ದದ್ದು ಶನಿವಾರ. ಒಂದು ಸಲದ ಡಯಾಲಿಸಿಸ್‌ಗೆ ನಾಲ್ಕು ಗಂಟೆ ಕರೆಂಟ್ ಬೇಕು, ಶುದ್ಧ ಮಾಡಿದ ನೀರು ನೂರು ಲೀಟರ್‌ಗೂ ಮೇಲೆ ಬೇಕು. ಅವರು ಹೋಗುತ್ತಿದ್ದ ಕಡೆ ಎರಡೂ ಇರಲಿಲ್ಲ. ಜನರೇಟರ್ ಇತ್ತು, ಡೀಸೆಲ್ ಕಮ್ಮಿ ಇತ್ತು, ಇದ್ದ ಡೀಸೆಲ್ ಐಸಿಯುಗೆ ಹೋಗುತ್ತಿತ್ತು. ಅಲ್ಲಿದ್ದವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಮಂಗಳವಾರ ಶುರುವಾಯಿತು, ಆದರೆ ಸಾಲು ಉದ್ದ ಇದ್ದದ್ದರಿಂದ ಒಬ್ಬೊಬ್ಬರಿಗೆ ಎರಡೇ ಗಂಟೆ.

ಡಯಾಲಿಸಿಸ್ ತಪ್ಪಿದರೆ ಏನಾಗುತ್ತದೆ ಅಂತ ನನಗೆ ಆವರೆಗೆ ಗೊತ್ತಿರಲಿಲ್ಲ. ಕುಡಿದ ನೀರು ಹೊರಗೆ ಹೋಗುವುದಿಲ್ಲ. ಮೊದಲು ಪಾದ ಬಾತುಕೊಳ್ಳುತ್ತದೆ, ಆಮೇಲೆ ನೀರು ಶ್ವಾಸಕೋಶಕ್ಕೆ ಹತ್ತುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯ ಯಾವ ಸೂಚನೆಯೂ ಇಲ್ಲದೆ ನಿಲ್ಲಬಹುದು. ನಲವತ್ತು ಡಿಗ್ರಿ ಬಿಸಿಲಲ್ಲಿ, ಫ್ಯಾನ್ ಇಲ್ಲದೆ, ಬಾಯಾರಿ ಸಾಯುತ್ತಿರುವಾಗ ಅವರು ಕುಡಿಯಬಹುದಾದದ್ದು ಒಂದೊಂದು ಗುಟುಕು. ಬೀದಿ ತುಂಬ ತೆಂಗಿನ ಮರ ಬಿದ್ದಿದ್ದವು. ಕುಡಿಯುವ ನೀರಿಲ್ಲದ ಆ ದಿನಗಳಲ್ಲಿ ಮಕ್ಕಳೆಲ್ಲ ಬಿದ್ದ ಎಳನೀರು ಕೊಚ್ಚಿ ಕುಡಿಯುತ್ತಿದ್ದರು, ನಮಗೂ ಅದೇ ಆಸರೆ. ನಾನು ಒಂದನ್ನು ಕೊಚ್ಚಿಸಿ ಮೇಷ್ಟ್ರಿಗೂ ಒಯ್ದೆ. ಅವರು ಎರಡೂ ಕೈ ಅಡ್ಡ ಹಿಡಿದರು. ಎಳನೀರಲ್ಲಿ ಪೊಟ್ಯಾಸಿಯಂ ತುಂಬ ಇರುತ್ತದೆ, ಅದು ನನಗಲ್ಲ, ನೀನೇ ಕುಡಿ ಅಂದರು. ಪಾಠ ಹೇಳುವ ಧಾಟಿಯಲ್ಲೇ ಅಂದರು. ಅವರ ಹೆಂಡತಿ ಚಮಚದಲ್ಲಿ ಐಸ್ ಚೂರು ಬಾಯಿಗಿಡುತ್ತಿದ್ದರು. ರಾತ್ರಿ ಮಲಗಲು ಆಗುತ್ತಿರಲಿಲ್ಲ. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಎದುರಿಗೆ ಟೀಪಾಯಿ ಇಟ್ಟು ಅದರ ಮೇಲೆ ದಿಂಬು ಹಾಕಿ, ಮುಂದೆ ಬಾಗಿ ಕೂತಿರುತ್ತಿದ್ದರು. ಕತ್ತಲೆಯಲ್ಲಿ ಅವರ ಉಸಿರಾಟ ರಸ್ತೆಯ ಈಚೆಗೂ ಕೇಳುತ್ತಿತ್ತು.

ಮುಂದಿನ ವಾರ ಅವರು ಹೋಗಿಬಿಟ್ಟರು. ಆಸ್ಪತ್ರೆಯವರು ಬರೆದ ಕಾಗದದಲ್ಲಿ ಹೃದಯ ನಿಂತಿತು ಅಂತ ಇತ್ತು. ಅದು ಸುಳ್ಳಲ್ಲ. ವಿಪತ್ತಿನಲ್ಲಿ ಸತ್ತವರ ಕುಟುಂಬಕ್ಕೆ ನಾಲ್ಕು ಲಕ್ಷ ರೂಪಾಯಿ ಪರಿಹಾರ ಅನ್ನುವ ನಿಯಮ ಇದೆ. ಅದಕ್ಕೆ ಸಾವು ವಿಪತ್ತಿನಿಂದಲೇ ಆಯಿತು ಅಂತ ಅಧಿಕಾರಿಗಳು ಒಪ್ಪಬೇಕು. ಗೋಡೆ ಬಿತ್ತು, ಮರ ಬಿತ್ತು, ನೀರಲ್ಲಿ ಕೊಚ್ಚಿಹೋದರು ಅಂದರೆ ತಿಳಿಯುವುದು ಸುಲಭ. ಮೇಷ್ಟ್ರ ಮನೆಯವರು ಕೇಳಲೂ ಇಲ್ಲ, ಕೇಳಬಹುದು ಅಂತ ಅವರಿಗೆ ಹೊಳೆಯಲೂ ಇಲ್ಲ. ನನಗೆ ಇಲ್ಲಿ ದುಡ್ಡಿಗಿಂತ ದೊಡ್ಡದು ಅನ್ನಿಸುವುದು ಬೇರೆಯೇ. ನಮ್ಮಲ್ಲಿ ಸಾವಿನ ಲೆಕ್ಕ ಪರಿಹಾರದ ಪಟ್ಟಿಯಿಂದಲೇ ಬರುತ್ತದೆ. ಪಟ್ಟಿಯಲ್ಲಿ ಇಲ್ಲದ ಸಾವು ಮುಂದಿನ ಸಲದ ತಯಾರಿಯಲ್ಲೂ ಇರುವುದಿಲ್ಲ. ಡೀಸೆಲ್ ಎಷ್ಟು ಬೇಕು, ಯಾವ ಡಯಾಲಿಸಿಸ್ ಕೇಂದ್ರಕ್ಕೆ ಮೊದಲು ಲೈನ್ ಕೊಡಬೇಕು ಅಂತ ಕೂತು ಯೋಚಿಸುವವರ ಎದುರಿಗೆ ಮೇಷ್ಟ್ರಂಥವರ ಒಂದು ಅಂಕಿಯೂ ಇರುವುದಿಲ್ಲ.

ಚಪ್ಪಲಿಗಳ ಲೆಕ್ಕ

ಪೋರ್ಟೊ ರಿಕೊದಲ್ಲಿ ಮತ್ತೆ ಲೆಕ್ಕ ಹಾಕಿದ ರೀತಿ ಕಷ್ಟದ್ದೇನಲ್ಲ. ಹಿಂದಿನ ವರ್ಷಗಳಲ್ಲಿ ಅದೇ ತಿಂಗಳುಗಳಲ್ಲಿ ಎಷ್ಟು ಜನ ಸಾಯುತ್ತಿದ್ದರು ನೋಡು, ಚಂಡಮಾರುತದ ನಂತರ ಎಷ್ಟು ಜನ ಸತ್ತರು ನೋಡು, ಊರು ಬಿಟ್ಟು ಹೋದವರ ಲೆಕ್ಕ ಸರಿಮಾಡಿಕೊಂಡು ಕಳೆ. ಯಾರು ಯಾವ ಕಾರಣಕ್ಕೆ ಸತ್ತರು ಅಂತ ಒಬ್ಬೊಬ್ಬರದ್ದೂ ವಾದ ಮಾಡುವ ಅಗತ್ಯವೇ ಇಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು 3,299 ಮನೆಗಳಿಗೆ ಹೋಗಿ ಕೇಳಿ 2018ರ ಮೇನಲ್ಲಿ ಕೊಟ್ಟ ಅಂದಾಜು 4,645, ಅದರ ಹೆಚ್ಚುಕಡಿಮೆಯ ಅಂತರ ತುಂಬ ದೊಡ್ಡದಿತ್ತು. ಅದೇ ಆಗಸ್ಟ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮರಣ ನೋಂದಣಿಯಿಂದ ತೆಗೆದ ಲೆಕ್ಕ 2,975. ಸರ್ಕಾರ ಅದನ್ನು ಒಪ್ಪಿಕೊಂಡಿತು. ಹಾರ್ವರ್ಡ್ ಸಮೀಕ್ಷೆಯಲ್ಲಿ ಸಿಕ್ಕ ಸಾವುಗಳಲ್ಲಿ ಮೂರರಲ್ಲಿ ಒಂದರಷ್ಟಕ್ಕೆ ಕಾರಣ ಚಿಕಿತ್ಸೆ ತಡವಾದದ್ದು ಅಥವಾ ತಪ್ಪಿದ್ದು: ಮಾತ್ರೆ ಸಿಗಲಿಲ್ಲ, ಉಸಿರಾಟದ ಯಂತ್ರಕ್ಕೆ ಕರೆಂಟ್ ಇಲ್ಲ, ರಸ್ತೆ ಮುಚ್ಚಿತ್ತು, ಆಸ್ಪತ್ರೆ ಮುಚ್ಚಿತ್ತು. ಬಡವರಿರುವ ಊರುಗಳಲ್ಲಿ ಮತ್ತು 65 ದಾಟಿದ ಗಂಡಸರಲ್ಲಿ ಸಾವಿನ ಅಪಾಯ ತಿಂಗಳುಗಟ್ಟಲೆ ಇಳಿಯಲೇ ಇಲ್ಲ. 2018ರ ಜೂನ್ 1ರಂದು ರಾಜಧಾನಿ ಸಾನ್ ಹುವಾನ್‌ನ ಶಾಸನಸಭೆಯ ಎದುರು ಜನ ಸತ್ತವರ ಶೂ, ಚಪ್ಪಲಿ ತಂದು ಸಾಲಾಗಿ ಇಟ್ಟರು. ನಾನು ಆ ಫೋಟೋ ನೋಡಿದ್ದು ತುಂಬ ತಡವಾಗಿ, ಮೇಷ್ಟ್ರು ಹೋದ ಮೇಲೆ. ಮುದುಕರ ಮನೆಚಪ್ಪಲಿಗಳನ್ನು ಕಂಡು ಫೋನ್ ಕೆಳಗಿಟ್ಟೆ.

2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಇನ್ನೊಂದು ಲೆಕ್ಕ ಬಂತು. ಅಮೆರಿಕಕ್ಕೆ 1930ರಿಂದ 2015ರವರೆಗೆ ಬಡಿದ 501 ಚಂಡಮಾರುತಗಳನ್ನು ತೆಗೆದುಕೊಂಡು, ಒಂದೊಂದರ ನಂತರ 15 ವರ್ಷ ಸಾವಿನ ಪ್ರಮಾಣ ಹೇಗಿತ್ತು ಅಂತ ನೋಡಿದ್ದರು. ಸರ್ಕಾರಿ ಲೆಕ್ಕದಲ್ಲಿ ಒಂದು ಚಂಡಮಾರುತಕ್ಕೆ ಸರಾಸರಿ 24 ಸಾವು. ಇವರ ಲೆಕ್ಕದಲ್ಲಿ 7,000ದಿಂದ 11,000. ಮನೆ ರಿಪೇರಿಗೆ ಉಳಿತಾಯ ಖಾಲಿಯಾಗಿ ಔಷಧಿಗೆ ದುಡ್ಡಿಲ್ಲದಿರುವುದು, ನೋಡಿಕೊಳ್ಳುವ ಮಕ್ಕಳು ಬೇರೆ ಊರಿಗೆ ಹೋಗುವುದು, ಊರಿನ ಆದಾಯ ಕುಸಿದು ಆಸ್ಪತ್ರೆ ಸೊರಗುವುದು, ಇವೆಲ್ಲ ಕಾರಣ ಇರಬಹುದು ಅನ್ನುತ್ತಾರೆ. ಅದು ವಿಮೆ, ಪಿಂಚಣಿ, ಎಲ್ಲ ಇರುವ ದೇಶ. ಇಲ್ಲಿ ಅದೇ ಲೆಕ್ಕ ಹಾಕಲು ಸಾವಿನ ನೋಂದಣಿಯೂ ಸಮಯಕ್ಕೆ ಸರಿಯಾಗಿ ಆಗಬೇಕು, ಕಾರಣವೂ ದಾಖಲಾದರೆ ಒಳ್ಳೆಯದು. ನಮ್ಮ ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ಬರೆದು ಪ್ರಮಾಣಪತ್ರ ಕೊಡುವುದು ಐದರಲ್ಲಿ ಒಂದಕ್ಕೆ, ಸ್ವಲ್ಪ ಜಾಸ್ತಿ ಅಷ್ಟೇ. ಆದರೂ ಈ ಲೆಕ್ಕಕ್ಕೆ ಬರೀ ಸಂಖ್ಯೆ ಇದ್ದರೂ ಸಾಕು. ಪುರಿ ಜಿಲ್ಲೆಯಲ್ಲಿ ಯಾವ ತಿಂಗಳು ಎಷ್ಟು ಸಾವು ಅನ್ನುವುದು ನೋಂದಣಿ ಪುಸ್ತಕಗಳಲ್ಲಿ ಇದ್ದೇ ಇರುತ್ತದೆ. ಕಾರಣ ಗೊತ್ತಿಲ್ಲದಿದ್ದರೂ ಆ ಕಳೆಯುವ ಲೆಕ್ಕ ಹಾಕಬಹುದು.

ಆಶಾ ದೀದಿಯ ರಿಜಿಸ್ಟರ್

ಆ ತಿಂಗಳ ಮಧ್ಯದಲ್ಲಿ ಒಂದು ವೈದ್ಯರ ತಂಡದ ಜೊತೆ ಸಾಮಾನು ಹೊರಲು ಪುರಿಯ ಬ್ರಹ್ಮಗಿರಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಊರಿನ ಆರೋಗ್ಯ ಉಪಕೇಂದ್ರದ ಮಾಡಿನ ಶೀಟ್ ಹಾರಿಹೋಗಿತ್ತು, ಆದ್ದರಿಂದ ಕ್ಯಾಂಪ್ ಆಶ್ರಯ ಕೇಂದ್ರದ ಕೆಳಗೆ, ಕಂಬಗಳ ನಡುವೆ. ವಾಂತಿಭೇದಿಯವರೇ ಜಾಸ್ತಿ ಇರುತ್ತಾರೆ ಅಂತ ಓಆರ್‌ಎಸ್ ಪ್ಯಾಕೆಟ್, ಕ್ಲೋರಿನ್ ಮಾತ್ರೆ ಚೀಲಗಟ್ಟಲೆ ಒಯ್ದಿದ್ದೆವು. ಬಂದವರಲ್ಲಿ ಅಂಥವರು ಇದ್ದರು, ಆದರೆ ಹೆಚ್ಚಿನವರು ಬೇರೆ. ಮನೆಯ ಶೀಟ್ ಸರಿಮಾಡಲು ಹತ್ತಿ ಬಿದ್ದು ಸೊಂಟ ಮುರಿದವರು. ತಗಡು ತುಳಿದು ಪಾದ ಸೀಳಿಕೊಂಡು ಕೀವು ತುಂಬಿಸಿಕೊಂಡವರು. ಬಿದ್ದ ಮರ ಕಡಿಯುವಾಗ ಕೊಂಬೆ ಸಿಡಿದು ಕಣ್ಣಿಗೆ ಬಡಿದವನೊಬ್ಬ. ಮತ್ತೆ ಮುದುಕರು, ತುಂಬ ಜನ ಮುದುಕರು, ಕೈಯಲ್ಲಿ ಖಾಲಿ ಮಾತ್ರೆ ಶೀಟ್ ಹಿಡಿದು. ಒಬ್ಬ ಅಜ್ಜನ ಕೈಯಲ್ಲಿದ್ದದ್ದು ಶೀಟಿನ ಅರ್ಧ ತುಂಡು, ಹೆಸರಿನ ಕೊನೆಯ ನಾಲ್ಕು ಅಕ್ಷರ ಮಾತ್ರ ಉಳಿದಿತ್ತು. ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಬಿಪಿ ಮಾತ್ರೆ ಇರಬೇಕು, ಎಷ್ಟು ಪವರ್‌ನದು ಅಂತ ಹೇಳಲಾಗುವುದಿಲ್ಲ ಅಂದರು. ಬಿಪಿ ನೋಡಿದರೆ ಎದೆ ಝಲ್ಲೆನ್ನುವಷ್ಟು ಇತ್ತು.

ಆಗ ಪಕ್ಕದಲ್ಲಿ ನಿಂತಿದ್ದ ಆಶಾ ದೀದಿ ಒಂದು ಚೀಲ ಬಿಚ್ಚಿದರು. ಯೂರಿಯಾ ಚೀಲ, ಒಳಗೆ ಪಾಲಿಥಿನ್, ಅದರೊಳಗೆ ರಿಜಿಸ್ಟರ್‌ಗಳು. ಗಾಳಿಯ ದಿನ ಮನೆಯಿಂದ ಬೇರೇನೂ ತರದೆ ಅದನ್ನು ಹೊತ್ತುಕೊಂಡು ಆಶ್ರಯ ಕೇಂದ್ರಕ್ಕೆ ಬಂದಿದ್ದರಂತೆ. ಮೊದಲನೆಯದು ಗರ್ಭಿಣಿಯರದ್ದು. ದಿನ ತುಂಬುವ ತಾರೀಕುಗಳಿಗೆ ಕೆಂಪು ಪೆನ್ನಿನ ಸುತ್ತು. ಫನಿಗೆ ಮೊದಲು ಮೇಲಿನಿಂದ ಫೋನ್ ಬಂದಿತ್ತು, ಈ ವಾರ ಎರಡು ವಾರದಲ್ಲಿ ಹೆರಿಗೆ ಇರುವವರನ್ನೆಲ್ಲ ಆಸ್ಪತ್ರೆಗೆ ಕಳಿಸಿ ಅಂತ. ಆ ಹಳ್ಳಿಯಿಂದ ಇಬ್ಬರು ಹೋಗಿದ್ದರು, ಇಬ್ಬರೂ ಸುಖವಾಗಿ ಹೆತ್ತಿದ್ದರು. ಆ ಮಾತು ಹೇಳುವಾಗ ಅವರ ಮುಖ ನೋಡಬೇಕಿತ್ತು. ಇನ್ನೊಂದು ರಿಜಿಸ್ಟರ್ ತೆಗೆದರು. ಮೂವತ್ತು ದಾಟಿದವರ ಸಮೀಕ್ಷೆಯದು, ಬಿಪಿ, ಶುಗರ್ ಅಂತ ಕಾಲಂ ಹಾಕಿ ಟಿಕ್ ಮಾಡಿದ್ದರು. ಅಜ್ಜನ ಹೆಸರು ಸಿಕ್ಕಿತು, ಪಕ್ಕದಲ್ಲಿ ಮಾತ್ರೆಯ ಹೆಸರು, ಪವರ್ ಎಲ್ಲ ಇತ್ತು. ಗಾಳಿಗೆ ಮೊದಲು ಇವರ ಬಗ್ಗೆ ಯಾರಾದರೂ ಫೋನ್ ಮಾಡಿದ್ದರಾ ಅಂತ ಕೇಳಿದೆ. ‘ಇಲ್ಲ ಭಾಇ, ಇವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ’ ಅಂದರು.

ನಾನು ಹೇಳಬೇಕಾದ್ದೆಲ್ಲ ಈ ಎರಡು ರಿಜಿಸ್ಟರ್‌ಗಳಲ್ಲೇ ಇದೆ. ಗರ್ಭಿಣಿಯರ ವಿಷಯದಲ್ಲಿ ಒಡಿಶಾ ಮಾಡಿದ್ದು ಅಪರೂಪದ ಕೆಲಸ, ಅದು ವರ್ಷ ವರ್ಷ ಬೆಳೆದಿದೆ. 2024ರ ಅಕ್ಟೋಬರ್‌ನಲ್ಲಿ ದಾನಾ ಚಂಡಮಾರುತ ಬರುವ ಮೊದಲು ನಾಲ್ಕು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಆಸ್ಪತ್ರೆಗಳಿಗೆ ಸಾಗಿಸಿದರು. ಸುಮಾರು 1,600 ಮಂದಿಗೆ ಅಲ್ಲಿ ಹೆರಿಗೆ ಆಯಿತು. ಬಿರುಗಾಳಿಯ ರಾತ್ರಿ ಗುಡಿಸಲಲ್ಲಿ, ದೋಣಿಯಲ್ಲಿ, ಮುಚ್ಚಿದ ರಸ್ತೆಯಲ್ಲಿ ಆಗಬಹುದಾಗಿದ್ದ ಹೆರಿಗೆಗಳು ಅವು. ಅಂದರೆ ಹೆಸರಿನ ಪಟ್ಟಿ ಹಿಡಿದು, ಗಾಳಿಗೆ ಮೊದಲೇ, ಮನೆಮನೆಯಿಂದ ಜನರನ್ನು ಎತ್ತಿ ಒಯ್ಯುವುದು ನಮ್ಮ ಸರ್ಕಾರಗಳಿಗೆ ಆಗುವ ಕೆಲಸ. ಅದೇ ಕೈ, ಅದೇ ಚೀಲದಲ್ಲಿರುವ ಇನ್ನೊಂದು ಪುಸ್ತಕ ತೆಗೆದರೆ ಸಾಕು.

ಕಾಲರಾಗೆ ಇರುವ ತಯಾರಿ

ಅಂಟುರೋಗದ ವಿಷಯದಲ್ಲಿ ನಾವು ಹೀಗೆ ಕೈಕಟ್ಟಿ ಕೂರುವುದಿಲ್ಲ. 1999ರ ನಂತರ ಒಡಿಶಾದಲ್ಲಿ ಕಾಲರಾ ಬಂತು, ಇಲಿ ಜ್ವರ ಬಂತು. ಅಲ್ಲಿಂದೀಚೆಗೆ ನೀರು ಇಳಿದ ಕೂಡಲೇ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಬಂದೇ ಬರುತ್ತಾರೆ. ಫನಿಗಿಂತ ಒಂದೂವರೆ ತಿಂಗಳು ಮೊದಲು, 2019ರ ಮಾರ್ಚ್‌ನಲ್ಲಿ, ಮೊಜಾಂಬಿಕ್‌ನ ಬೆಯ್ರಾ ನಗರವನ್ನು ಇದಾಯ್ ಚಂಡಮಾರುತ ಮುಳುಗಿಸಿತು. ಮಾರ್ಚ್ 27ಕ್ಕೆ ಕಾಲರಾ ಖಚಿತವಾಯಿತು. ಏಪ್ರಿಲ್ 3ಕ್ಕೆ ಬಾಯಿಗೆ ಹಾಕುವ ಲಸಿಕೆ ಶುರು, ಕೈಯಲ್ಲಿ ಹತ್ತಿರ ಹತ್ತಿರ ಒಂಬತ್ತು ಲಕ್ಷ ಡೋಸ್. ಸಾವಿರಾರು ಜನಕ್ಕೆ ಕಾಲರಾ ಬಂದರೂ ಸತ್ತವರು ಎಂಟು. ಒಂದು ಬಡ ದೇಶ, ಮುಳುಗಿದ ಊರು, ಅಂಥದ್ದರಲ್ಲಿ ಇದು ಸಾಧ್ಯವಾದದ್ದಕ್ಕೆ ಕಾರಣ ಲಸಿಕೆಯ ದಾಸ್ತಾನು ಮೊದಲೇ ಇದ್ದದ್ದು, ಯಾರು ಏನು ಮಾಡಬೇಕು ಅನ್ನುವುದು ಮೊದಲೇ ಬರೆದಿಟ್ಟದ್ದು. ಕಾಲರಾ ಒಬ್ಬರಿಂದ ಊರಿಗೇ ಹರಡುತ್ತದೆ ಅನ್ನುವ ಭಯ ನಮ್ಮನ್ನು ಓಡಿಸುತ್ತದೆ. ಮೇಷ್ಟ್ರ ಕಿಡ್ನಿ ಯಾರಿಗೂ ಅಂಟುವುದಿಲ್ಲ. ಅವರಂಥವರು ಒಬ್ಬೊಬ್ಬರಾಗಿ, ಬೇರೆ ಬೇರೆ ಬೀದಿಯಲ್ಲಿ, ಬೇರೆ ಬೇರೆ ದಿನ ಹೋಗುತ್ತಾರೆ.

ಆದರೆ ಚಂಡಮಾರುತ ಭೂಕಂಪದ ಹಾಗೆ ಹೇಳದೆ ಬರುವುದಿಲ್ಲ. ಹವಾಮಾನ ಇಲಾಖೆ ದಡ ಮುಟ್ಟುವುದಕ್ಕೆ 72 ಗಂಟೆ ಮೊದಲೇ ಮುನ್ಸೂಚನೆ ಕೊಡುತ್ತದೆ, 48 ಗಂಟೆಗೆ ಹಳದಿ ಎಚ್ಚರಿಕೆ, 24 ಗಂಟೆಗೆ ಕಿತ್ತಳೆ, ಕೊನೆಯ 12 ಗಂಟೆಗೆ ಕೆಂಪು. ಈ ಸಮಯದಲ್ಲಿ ಎಷ್ಟೆಲ್ಲ ಮಾಡಬಹುದು ಅನ್ನುವುದಕ್ಕೆ ಒಂದು ಉದಾಹರಣೆ ಇದೆ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕದ ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಬರುವ ಮೊದಲು ಅಲ್ಲಿನ ಡಯಾಲಿಸಿಸ್ ಕೇಂದ್ರಗಳು ತಮ್ಮ ರೋಗಿಗಳಿಗೆ ಫೋನ್ ಮಾಡಿ, ಸರದಿ ಬರುವ ಮೊದಲೇ ಬನ್ನಿ, ಈಗಲೇ ಮಾಡಿಬಿಡುತ್ತೇವೆ ಅಂದವು. ಹತ್ತರಲ್ಲಿ ಆರು ಜನ ಹಾಗೆ ಮಾಡಿಸಿಕೊಂಡರು. ಮುಂದಿನ ಒಂದು ತಿಂಗಳಲ್ಲಿ ಅವರಲ್ಲಿ ಸಾವು ಉಳಿದವರಿಗಿಂತ ಕಮ್ಮಿ ಇತ್ತು, ತುರ್ತು ಚಿಕಿತ್ಸೆಗೆ ಓಡಿದವರೂ ಕಮ್ಮಿ. ಹೊಸ ಯಂತ್ರ ಇಲ್ಲ, ಹೊಸ ಔಷಧಿ ಇಲ್ಲ, ಫೋನ್ ಮಾಡಿದ್ದು ಅಷ್ಟೇ. ಮೇಷ್ಟ್ರಿಗೂ ಆ ಗುರುವಾರ ಒಂದು ಫೋನ್ ಬಂದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ. ಗುರುವಾರ ಕರೆಂಟ್ ಇತ್ತು, ನೀರಿತ್ತು, ರಸ್ತೆ ಇತ್ತು.

ನಮ್ಮ ಕಡಲ ಕಡೆ

ನನ್ನ ಊರು ಕುಂದಾಪುರದ ಕಡೆ. ಚಂಡಮಾರುತ ಅಂದರೆ ಪೂರ್ವ ಕರಾವಳಿಯವರ ಕಷ್ಟ ಅಂತ ನಾವು ತುಂಬ ಕಾಲ ನಂಬಿದ್ದೆವು. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ನಮ್ಮ ದಡಕ್ಕೆ ಬರದೆ ಬರೀ ದೂರದಲ್ಲಿ ಹಾದುಹೋದರೂ ಮರವಂತೆಯಿಂದ ಪಡುಬಿದ್ರಿವರೆಗೆ ಕಡಲು ಮನೆಗಳ ಹತ್ತಿರ ಬಂತು. ಅದು ಕೋವಿಡ್‌ನ ಎರಡನೇ ಅಲೆಯ ಸಮಯ. ಮುಂಬೈಯಲ್ಲಿ ಡೇರೆಯ ಕೋವಿಡ್ ಆಸ್ಪತ್ರೆಗಳಿಂದ 580 ರೋಗಿಗಳನ್ನು ಮೊದಲೇ ಗಟ್ಟಿ ಕಟ್ಟಡಗಳಿಗೆ ಸಾಗಿಸಿದ್ದರು. ನಮ್ಮ ಮನೆಯಲ್ಲಿ ಕರೆಂಟ್ ಹೋಗಿ ಬಂದು ಆಡುತ್ತಿತ್ತು, ಪಕ್ಕದ ಮನೆಯಲ್ಲಿ ಒಬ್ಬರು ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲೆ ಇದ್ದರು. ಅಮ್ಮ ಫೋನಿನಲ್ಲಿ ಗಾಳಿಯ ಸುದ್ದಿ ಹೇಳಲೇ ಇಲ್ಲ, ಆ ಯಂತ್ರದ ಸುದ್ದಿಯನ್ನೇ ಹೇಳುತ್ತಿದ್ದರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ (ಐಐಟಿಎಂ) ವಿಜ್ಞಾನಿಗಳು ಅದೇ ವರ್ಷ ಪ್ರಕಟಿಸಿದ ಲೆಕ್ಕದಂತೆ 1982ರಿಂದ 2000ದವರೆಗಿನ ಕಾಲಕ್ಕೆ ಹೋಲಿಸಿದರೆ 2001ರಿಂದ 2019ರವರೆಗೆ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಿವೆ, ಹೆಚ್ಚು ದಿನ ನಿಲ್ಲುತ್ತಲೂ ಇವೆ. ನಮ್ಮ ಕರಾವಳಿ ಇನ್ನೂ ಪೂರ್ತಿ ಹೊಡೆತ ತಿಂದಿಲ್ಲ.

ನಮ್ಮಲ್ಲೂ ಪಟ್ಟಿ ಇದೆ. 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ಗೃಹ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರೂ ಸಿಬ್ಬಂದಿಯೂ ಮೂವತ್ತು ದಾಟಿದವರ ಬಿಪಿ, ಶುಗರ್ ನೋಡಿ ಮನೆಗೇ ಮಾತ್ರೆ ಕೊಡುತ್ತಾರೆ. ಆ ಪಟ್ಟಿಯನ್ನು ಜಿಲ್ಲೆಯ ವಿಪತ್ತು ಕೋಣೆಯ ಗೋಡೆಗೆ ತರಬೇಕು. 72 ಗಂಟೆಯ ಸೂಚನೆ ಬಂದ ದಿನ ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಕೈಗೆ ಒಂದು ತಿಂಗಳ ಮಾತ್ರೆ. ಹಳದಿ ಎಚ್ಚರಿಕೆಗೆ ಡಯಾಲಿಸಿಸ್ ಕೇಂದ್ರದಿಂದ ಫೋನ್, ಆಕ್ಸಿಜನ್ ಮೇಲೆ ಇರುವವರನ್ನು ಜನರೇಟರ್ ಇರುವ ಆಸ್ಪತ್ರೆಗೆ ಸಾಗಿಸುವ ಗಾಡಿ. ಗಾಳಿ ನಿಂತ ಮೇಲೆ ಲೈನ್‌ಮನ್‌ಗಳ ಕೈಯಲ್ಲಿ ಯಾವ ಟ್ರಾನ್ಸ್‌ಫಾರ್ಮರ್ ಮೊದಲು ಅನ್ನುವ ಚೀಟಿ, ಅದರಲ್ಲಿ ಕಚೇರಿಗಳಿಗಿಂತ ಮೇಲೆ ನೀರಿನ ಪಂಪ್‌ಹೌಸ್ ಮತ್ತು ಡಯಾಲಿಸಿಸ್ ಕೇಂದ್ರ. ಮೂರು ತಿಂಗಳು ಬಿಟ್ಟು ಆ ತಾಲೂಕುಗಳ ಮರಣ ನೋಂದಣಿ ತೆಗೆದು ಹಿಂದಿನ ವರ್ಷಗಳ ಜೊತೆ ಹೋಲಿಸಿ ಪ್ರಕಟಿಸಬೇಕು, ಪರಿಹಾರದ ಪಟ್ಟಿ ಬೇರೆ, ಈ ಲೆಕ್ಕ ಬೇರೆ.

ಇದೆಲ್ಲ ಆಗುವವರೆಗೆ ಕರಾವಳಿಯಲ್ಲಿ ವಯಸ್ಸಾದವರು ಇರುವ ಮನೆಯವರು ಕೆಲವು ಕೆಲಸ ಮಾಡಿಕೊಳ್ಳಬಹುದು. ಮಾತ್ರೆ ಚೀಟಿಯ ಒಂದು ನಕಲನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಡಿ, ಫೋನಿನ ಫೋಟೋ ಚಾರ್ಜ್ ಮುಗಿದರೆ ಉಪಯೋಗಕ್ಕೆ ಬರುವುದಿಲ್ಲ. ಮನೆಯಲ್ಲಿ ಸ್ವಲ್ಪ ನೋಟು ಇಡಿ. ಜನರೇಟರ್ ತಂದರೆ ಮನೆಯೊಳಗಾಗಲಿ ಕಿಟಕಿ ಪಕ್ಕದಲ್ಲಾಗಲಿ ಓಡಿಸಬೇಡಿ, ಅದರ ಹೊಗೆಯಲ್ಲಿರುವ ವಿಷಗಾಳಿಗೆ ವಾಸನೆಯೇ ಇಲ್ಲ, ಗೊತ್ತಾಗುವ ಮೊದಲೇ ಕೊಲ್ಲುತ್ತದೆ. ಗಾಳಿ ನಿಂತ ಮರುದಿನವೇ ಹಂಚು ಸರಿಮಾಡಲು ಮಾಡು ಹತ್ತಬೇಡಿ. ಇನ್ಸುಲಿನ್ ಇದ್ದರೆ ಎರಡು ಮಡಕೆ ಮತ್ತು ಮರಳು ತಂದಿಡಿ. ಮನೆಯಲ್ಲಿ ಡಯಾಲಿಸಿಸ್‌ನವರು ಯಾರಾದರೂ ಇದ್ದರೆ ಮುಂದಿನ ಸರದಿಗೆ ಹೋದಾಗ ಅಲ್ಲಿ ಕೇಳಿ: ಚಂಡಮಾರುತದ ಎಚ್ಚರಿಕೆ ಬಂದರೆ ಮೊದಲೇ ಮಾಡುತ್ತೀರಾ, ಜನರೇಟರ್‌ಗೆ ಎಷ್ಟು ದಿನದ ಡೀಸೆಲ್ ಇದೆ, ನೀರು ಎಲ್ಲಿಂದ ತರಿಸುತ್ತೀರಿ, ನಿಮ್ಮಲ್ಲಿ ಆಗದಿದ್ದರೆ ನಾವು ಎಲ್ಲಿಗೆ ಹೋಗಬೇಕು. ಉತ್ತರ ಗೊತ್ತಿಲ್ಲ ಅಂದರೆ ಮುಂದಿನ ಸಲವೂ ಕೇಳಿ.